ಮ್ಯಾಚಿನ ಪಾಸು ರೀಚಾರ್ಜ್ ಅಂಗಡಿಯಲ್ಲೂ ಸಿಗಲಿ

ಮಾನ್ಯ ಸಂಪಾದಕರೇ,

ಐಪಿಎಲ್ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಒಂದು ಬುದ್ಧಿಮಾತು ತಪ್ಪದೆ ಬರುತ್ತದೆ. ಕಳ್ಳ ಲಿಂಕಿನಲ್ಲಿ ಮ್ಯಾಚ್ ನೋಡಬೇಡಿ, ಕಂಡಕಂಡ ಆ್ಯಪ್ ಹಾಕಿಕೊಳ್ಳಬೇಡಿ, ಕಾನೂನು ಇದೆ, ಹುಷಾರು. ಎಲ್ಲ ಸರಿ. ಹಾಗಾದರೆ ಎಲ್ಲಿ ನೋಡಬೇಕು, ಎಷ್ಟಾಗುತ್ತದೆ, ಬಿಟ್ಟಿ ಸಿಗುವುದು ಯಾವುದು? ಇದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ನಾನು ತೀರ್ಥಹಳ್ಳಿಯಲ್ಲಿ ರೀಚಾರ್ಜ್ ಅಂಗಡಿ ನಡೆಸುವವಳು. ಕೌಂಟರ್ ನನ್ನದು, ಒಳಗೆ ರಿಪೇರಿ ಟೇಬಲ್ ನನ್ನ ತಮ್ಮನದು. ಸಿಮ್, ಡಿಟಿಎಚ್, ಡೇಟಾ, ಕವರ್, ಗ್ಲಾಸ್ ಎಲ್ಲ ಮಾರುತ್ತೇವೆ. ಆಗುಂಬೆ, ಮೇಗರವಳ್ಳಿ, ಕೋಣಂದೂರು ಕಡೆಯಿಂದ ಪೇಟೆಗೆ ಬಂದವರು ಬಸ್ಸು ಹತ್ತುವ ಮೊದಲು ನಮ್ಮಲ್ಲಿಗೆ ಬಂದು ಫೋನ್ ಕೊಟ್ಟು, 'ಏನೋ ಆಗಿದೆ ನೋಡಿ' ಅನ್ನುತ್ತಾರೆ. ಕೌಂಟರಿನ ಈಚೆ ಕೂತು ನೋಡಿದ್ದರ ಮೇಲೆ ಹೇಳುತ್ತೇನೆ. ನಮ್ಮ ಕಡೆಯ ಹುಡುಗರು ಕಳ್ಳ ಲಿಂಕ್ ಹಿಡಿಯುವುದು ದುಡ್ಡು ಉಳಿಸೋಕೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ಸರಿಯಾದ ದಾರಿ ಅವರ ಕೈಗೆ ಸಿಗುವ ಹಾಗಿಲ್ಲ. ದೊಡ್ಡ ಕಾರಣ ಅದು.

ಬೇಕಾದರೆ ಇದನ್ನು ನೋಡಿ. 2025ರ ಐಪಿಎಲ್ ಸಮಯದಲ್ಲಿ ಜಿಯೋದವರು 299 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ರೀಚಾರ್ಜ್ ಮಾಡಿಸಿದವರಿಗೆ 90 ದಿನ ಜಿಯೋ ಹಾಟ್‌ಸ್ಟಾರ್ ಉಚಿತ ಎಂದರು. ಆಗ ಒಬ್ಬ ಐಟಿಐ ಹುಡುಗ ಬಿಸಿಯಾದ ಫೋನ್ ಹಿಡಿದುಕೊಂಡು ಬಂದ. ರಾತ್ರಿ ಮ್ಯಾಚ್ ನೋಡುತ್ತಿದ್ದಾಗ ಹ್ಯಾಂಗ್ ಆಗಿದೆ, ಈಗ ಲಾಕ್ ತೆಗೆದರೆ ಸಾಕು, ಜಾಹೀರಾತು ಬರುತ್ತದೆ. ತಮ್ಮ ತೆರೆದು ನೋಡಿದರೆ ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್, ಅದರಲ್ಲಿ ಮುಕ್ಕಾಲು ಪಾಲು ಬೆಟ್ಟಿಂಗ್ ಸೈಟು. ಅವನ ರೀಚಾರ್ಜ್ ಮಾಡಿದ್ದು ನಾನೇ, 349ರದ್ದು. ಅಂದರೆ ಅವನ ನಂಬರಿಗೆ ಅಷ್ಟೂ ಪಂದ್ಯ ಆಗಲೇ ಬಿಟ್ಟಿ ಇತ್ತು, ಕನ್ನಡ ಕಾಮೆಂಟರಿ ಸಮೇತ. ನಾನು ಆ್ಯಪ್ ಹಾಕಿ, ಅವನ ನಂಬರ್ ಕೊಟ್ಟು, ಒಟಿಪಿ ಒತ್ತಿಸಿದೆ. ಅವನು 'ಹಿಂಗೂ ಉಂಟಾ?' ಅಂತ ನಕ್ಕ. ಕಂಪನಿಯವರು ಮೆಸೇಜ್ ಕಳಿಸಿದ್ದರು. ಆದರೆ ದಿನಕ್ಕೆ ಹತ್ತು ಮೆಸೇಜ್ ಕಳಿಸುವವರ ಹನ್ನೊಂದನೇ ಮೆಸೇಜನ್ನು ಯಾರು ಓದುತ್ತಾರೆ?

ಆ ಸೀಸನ್ನಿನಲ್ಲಿ ಇಂಥವರು ಒಬ್ಬಿಬ್ಬರಲ್ಲ, ಬಹಳ ಜನ ಬಂದರು.

ಇನ್ನು ದುಡ್ಡಿನ ವಿಷಯ. 2025ರ ಫೆಬ್ರವರಿಯಲ್ಲಿ ಜಿಯೋ ಹಾಟ್‌ಸ್ಟಾರ್ ಶುರುವಾದಾಗ ಒಂದು ಮೊಬೈಲಿನಲ್ಲಿ ನೋಡುವ ಪ್ಲಾನ್ ಮೂರು ತಿಂಗಳಿಗೆ 149 ರೂಪಾಯಿ ಇತ್ತು. ದರ ಆಗಾಗ ಬದಲಾಗುತ್ತದೆ, ಈಗಿನದನ್ನು ನೋಡಿಕೊಳ್ಳಿ. ಆ ಸಲ ಐಪಿಎಲ್‌ನಲ್ಲಿ 74 ಪಂದ್ಯ. ಲೆಕ್ಕ ಹಾಕಿದರೆ ಪಂದ್ಯಕ್ಕೆ ಸುಮಾರು ಎರಡು ರೂಪಾಯಿ. ಈಗ ಇನ್ನೊಂದು ಕಡೆ ನೋಡಿ. ಕಳ್ಳ ಲಿಂಕಿನಲ್ಲಿ ನೋಡುವ ಹುಡುಗನ ದಿನದ ಒಂದೂವರೆ ಜಿಬಿ, ಮ್ಯಾಚ್ ಮುಗಿಯುವ ಮೊದಲೇ ಖಾಲಿ. ಅಧಿಕೃತ ಆ್ಯಪ್‌ನಲ್ಲಾದರೆ ಚಿತ್ರದ ಗುಣಮಟ್ಟ ಇಳಿಸಿ ಡೇಟಾ ಉಳಿಸಬಹುದು. ಕಳ್ಳ ಸೈಟಿನಲ್ಲಿ ಅದು ಕೊಟ್ಟದ್ದೇ ಪ್ರಸಾದ, ಜೊತೆಗೆ ಹಿಂದೆ ತೆರೆದುಕೊಳ್ಳುವ ಜಾಹೀರಾತುಗಳೂ ಡೇಟಾ ತಿನ್ನುತ್ತವೆ. ಆಗ ನನಗೆ ಫೋನ್ ಬರುತ್ತದೆ. 'ಅಕ್ಕಾ, ಹದಿನಾರನೇ ಓವರ್, ಡೇಟಾ ಖಾಲಿ, ಒಂದು ಪ್ಯಾಕ್ ಹಾಕಿ, ನಾಳೆ ದುಡ್ಡು ಕೊಡ್ತೇನೆ.' ಇಪ್ಪತ್ತು ರೂಪಾಯಿ ಆಸುಪಾಸಿನ ಪ್ಯಾಕ್ ಅದು. ಹಾಕುತ್ತೇನೆ. ಮರುದಿನ ತಂದು ಕೊಡುತ್ತಾರೆ ಕೂಡ. ಎರಡು ರೂಪಾಯಿಯ ಮ್ಯಾಚನ್ನು ಕದ್ದು ನೋಡೋಕೆ ಇಪ್ಪತ್ತು ರೂಪಾಯಿ ಖರ್ಚು ಮಾಡುವವನನ್ನು ಜುಗ್ಗ ಅನ್ನೋಕಾಗುತ್ತಾ? ಅವನು ಕೊಡೋಕೆ ರೆಡಿ ಇದ್ದಾನೆ. ತೆಗೆದುಕೊಳ್ಳುವವರು ಅವನ ಹತ್ತಿರ ಬಂದಿಲ್ಲ.

ಯಾಕೆ ಬಂದಿಲ್ಲ ಅಂದರೆ, ಅವರ ಬಾಗಿಲು ಇರುವುದು ಆನ್‌ಲೈನಿನಲ್ಲಿ ಮಾತ್ರ. ಕಾಲೇಜು ಹುಡುಗರು ಎಷ್ಟೋ ಜನರಿಗೆ ತಮ್ಮದೇ ಖಾತೆ ಇಲ್ಲ, ಯುಪಿಐ ಅಪ್ಪನ ಫೋನಿನಲ್ಲಿ. ಅಪ್ಪನ ಹತ್ತಿರ ಕೇಳಿದರೆ ಮೊದಲು ಮಾರ್ಕ್ಸ್ ಕಾರ್ಡಿನ ವಿಷಯ ಬರುತ್ತದೆ. ದೊಡ್ಡವರಿಗೆ ಆಟೋ ಪೇ ಭಯ. ಒಂದು ಸಲ ಒಪ್ಪಿಗೆ ಒತ್ತಿದರೆ ಮೂರು ತಿಂಗಳಾದ ಮೇಲೆ ತಾನಾಗಿ ದುಡ್ಡು ಕಟ್ ಆಗುತ್ತದೆ ಅಂತ ಊರಿಗೆಲ್ಲ ಗೊತ್ತು, ಅದನ್ನು ನಿಲ್ಲಿಸುವುದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಅಂಗಡಿಗೆ ಬರುವ ಒಬ್ಬ ನಿವೃತ್ತ ಮೇಷ್ಟ್ರು ಇದೇ ಕಾರಣಕ್ಕೆ ಚಂದಾ ಬೇಡ ಅಂದುಬಿಟ್ಟರು. 'ದುಡ್ಡು ಹೋಗೋದಕ್ಕಲ್ಲ, ನನ್ನನ್ನು ಕೇಳದೆ ಹೋಗೋದು ಬೇಡ' ಅನ್ನುತ್ತಾರೆ. ಅವರ ಮೊಮ್ಮಗ ಟೆಲಿಗ್ರಾಂನಲ್ಲಿ ಲಿಂಕ್ ತೆಗೆದು ಅವರಿಗೂ ತೋರಿಸುತ್ತಾನೆ. ಮೇಷ್ಟ್ರು ಜೀವಮಾನದಲ್ಲಿ ಟಿಕೆಟ್ ಇಲ್ಲದೆ ಬಸ್ಸು ಹತ್ತಿದವರಲ್ಲ.

ಬಿಟ್ಟಿ ಅಭ್ಯಾಸ ಮಾಡಿಸಿದವರೂ ಕಂಪನಿಗಳೇ ಅನ್ನುವುದನ್ನು ಮರೆಯಬಾರದು. 2022ರ ಫುಟ್ಬಾಲ್ ವಿಶ್ವಕಪ್ ಜಿಯೋ ಸಿನಿಮಾದಲ್ಲಿ ಬಿಟ್ಟಿ. 2023 ಮತ್ತು 2024ರ ಐಪಿಎಲ್ ಬಿಟ್ಟಿ. ಅದಕ್ಕೆ ಪೈಪೋಟಿಯಾಗಿ ಹಾಟ್‌ಸ್ಟಾರ್‌ನವರು 2023ರ ಏಕದಿನ ವಿಶ್ವಕಪ್ ಮೊಬೈಲಿಗೆ ಬಿಟ್ಟಿ ಕೊಟ್ಟರು. ಆಮೇಲೆ ಇಬ್ಬರೂ ಒಂದಾದರು, ಚಂದಾ ಬಂತು. ಐದು ವರ್ಷದ ಐಪಿಎಲ್ ಪ್ರಸಾರದ ಹಕ್ಕು 2022ರಲ್ಲಿ 48,390 ಕೋಟಿಗೆ ಹೋಗಿದೆ. ಅದನ್ನು ಕೊಟ್ಟವರು ಎಲ್ಲಿಂದಾದರೂ ವಸೂಲು ಮಾಡಲೇಬೇಕಲ್ಲ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಬಿಟ್ಟಿ ಇದ್ದಾಗ ಹಳ್ಳಿಹಳ್ಳಿಗೂ ಜಾಹೀರಾತು ಮುಟ್ಟಿಸಿದವರು, ಚಂದಾ ಬಂದಾಗ ಅದನ್ನು ಕಟ್ಟುವುದು ಹೇಗೆ ಅಂತ ಅಷ್ಟೇ ಮುತುವರ್ಜಿಯಿಂದ ಹೇಳಬೇಕಿತ್ತು.

ಆ ಖಾಲಿ ಜಾಗಕ್ಕೆ ನುಗ್ಗಿದವರು ಯಾರು ಅಂತ ನೋಡಿ. ಸಂಜೆ ಏಳೂಕಾಲಿಗೆ ಟೆಲಿಗ್ರಾಂ ಗ್ರೂಪಿನಲ್ಲಿ ಲಿಂಕ್ ಬೀಳುತ್ತದೆ. ಒತ್ತಿದರೆ ಕಪ್ಪು ಪರದೆ, ನಡುವೆ ಪ್ಲೇ ಗುರುತು. ಅದನ್ನು ಒತ್ತಿದರೆ ಮ್ಯಾಚ್ ಬರುವುದಿಲ್ಲ, ಇನ್ನೊಂದು ಟ್ಯಾಬಿನಲ್ಲಿ ಬೆಟ್ಟಿಂಗ್ ಸೈಟು ತೆರೆಯುತ್ತದೆ. ಮುಚ್ಚಿ ಮತ್ತೆ ಒತ್ತಬೇಕು. ಜಾಹೀರಾತಿನ ಮೂಲೆಯಲ್ಲಿ ಎರಡು ಮೂರು ಇಂಟು ಗುರುತು, ಅದರಲ್ಲಿ ಮುಚ್ಚುವಂಥದ್ದು ಒಂದೇ, ಉಳಿದದ್ದು ಒತ್ತಿದರೆ ಇನ್ನೂ ಎರಡು ಜಾಹೀರಾತು. ನೋಟಿಫಿಕೇಶನ್ ಕಳಿಸಲೇ ಅಂತ ಕೇಳುತ್ತದೆ. ಹೌದು ಅಂದವನ ಫೋನಿಗೆ ಮಧ್ಯರಾತ್ರಿ 'ನಿಮ್ಮ ಫೋನಿನಲ್ಲಿ ವೈರಸ್ ಇದೆ' ಅಂತ ಸಂದೇಶ ಶುರು. ಕೊನೆಗೆ ಮ್ಯಾಚ್ ಬರುತ್ತದೆ. ಚಾನೆಲ್ ಲೋಗೋದ ಜಾಗ ಮಸುಕು, ಕೆಳಗೆ ಬೆಟ್ಟಿಂಗ್ ಹೆಸರು ಓಡುತ್ತಿರುತ್ತದೆ, ಕಾಮೆಂಟರಿ ಹಿಂದಿಯೋ ಬಂಗಾಳಿಯೋ, ಅವತ್ತು ಏನು ಸಿಕ್ಕಿತೋ ಅದು. ಪಕ್ಕದ ಮನೆಯಲ್ಲಿ ವಿಕೆಟ್ ಬಿದ್ದು, ರೀಪ್ಲೇ ಮುಗಿದು, ಮುಂದಿನ ಬ್ಯಾಟ್ಸ್‌ಮನ್ ಒಳಗೆ ಬಂದಿರುತ್ತಾನೆ, ಇವನ ಫೋನಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ.

ಇದು ಯಾರೋ ಪುಣ್ಯಾತ್ಮರ ದಾನ ಅಲ್ಲ. ಮ್ಯಾಚ್ ಇಲ್ಲಿ ಗಾಳದ ಹುಳ, ಅಷ್ಟೇ. ಫೇರ್‌ಪ್ಲೇ ಎಂಬ ಬೆಟ್ಟಿಂಗ್ ಆ್ಯಪ್ 2023ರ ಐಪಿಎಲ್ ಪಂದ್ಯಗಳನ್ನು ಅಕ್ರಮವಾಗಿ ತೋರಿಸಿತು, ತಮಗೆ 100 ಕೋಟಿಗೂ ಮೀರಿ ನಷ್ಟವಾಯಿತು ಅಂತ ಜಿಯೋ ಸಿನಿಮಾ ನಡೆಸುತ್ತಿದ್ದ ವಯಾಕಾಮ್18 ಕಂಪನಿ ಕೊಟ್ಟ ದೂರನ್ನು ಮಹಾರಾಷ್ಟ್ರದ ಸೈಬರ್ ಪೊಲೀಸರು ತನಿಖೆ ಮಾಡಿದರು, ಆಮೇಲೆ ಇ.ಡಿ.ಯೂ ಬಂತು. ಬೆಟ್ಟಿಂಗಿನವನಿಗೆ ಮ್ಯಾಚ್ ನೋಡುವ ಹುಡುಗ ಬೇಕು. ಪವರ್ ಪ್ಲೇಯಲ್ಲಿ ಎಷ್ಟು ರನ್ ಅಂತ ಹತ್ತು ರೂಪಾಯಿ ಹಾಕಿಸೋಕೆ ಅದಕ್ಕಿಂತ ಒಳ್ಳೆ ಹೊತ್ತು ಇಲ್ಲ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂತು. ಅದು ಬಂದ ಮೇಲೂ ಈ ಲಿಂಕುಗಳ ಕೆಳಗೆ ಅದೇ ಥರದ ಹೆಸರುಗಳು ಓಡುತ್ತಿರುವುದನ್ನು ನಾನೇ ಕಂಡಿದ್ದೇನೆ.

ಲಿಂಕ್ ಒಂದು ಬಗೆಯಾದರೆ ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಇನ್ನೊಂದು ಬಗೆ. ಅದು ಇನ್ನೂ ಕೆಟ್ಟದ್ದು. 'ಎಲ್ಲ ಸ್ಪೋರ್ಟ್ಸ್ ಫ್ರೀ' ಅಂತ ವಾಟ್ಸಾಪಿನಲ್ಲಿ ಒಂದು ಫೈಲ್ ಬರುತ್ತದೆ. ಪ್ಲೇ ಸ್ಟೋರಿನಲ್ಲಿ ಇಲ್ಲದ ಆ್ಯಪ್. ಹಾಕಬೇಕಾದರೆ ಫೋನೇ ಬೇಡ ಅನ್ನುತ್ತದೆ, ಸೆಟ್ಟಿಂಗಿಗೆ ಹೋಗಿ ಬಲವಂತವಾಗಿ ಒಪ್ಪಿಗೆ ಕೊಡಬೇಕು. ಆಮೇಲೆ ಎಸ್‌ಎಂಎಸ್ ಓದಲೇ ಅನ್ನುತ್ತದೆ. ಆಕ್ಸೆಸಿಬಿಲಿಟಿ ಕೊಡಿ ಅನ್ನುತ್ತದೆ, ಅಂದರೆ ಪರದೆಯ ಮೇಲೆ ಏನಿದೆ ಅಂತ ನೋಡುವ, ನಿಮ್ಮ ಬದಲು ಒತ್ತುವ ಅಧಿಕಾರ. ಮ್ಯಾಚ್ ತೋರಿಸೋಕೆ ಎಸ್‌ಎಂಎಸ್ ಯಾಕಪ್ಪಾ ಬೇಕು ಅಂತ ಯಾರೂ ಕೇಳಿಕೊಳ್ಳುವುದಿಲ್ಲ, ಟಾಸ್ ಆಗಿರುತ್ತದೆ, ಅವಸರ. ಮೇಗರವಳ್ಳಿ ಕಡೆಯ ಒಂದು ಮನೆಯಲ್ಲಿ ಮಗ ಹೀಗೆ ಅಪ್ಪನ ಫೋನಿಗೆ ಹಾಕಿದ್ದ. ಆ ಫೋನಿನ ನಂಬರಿಗೇ ಬ್ಯಾಂಕಿನ ಒಟಿಪಿ ಬರುವುದು. ಅಡಿಕೆ ಕೊಟ್ಟ ದುಡ್ಡು ಖಾತೆಗೆ ಬಿದ್ದಿತ್ತು. ಬೆಳಿಗ್ಗೆ ನೋಡಿದರೆ ಅರ್ಧ ಇಲ್ಲ. ನನ್ನ ತಮ್ಮ ಆ ಫೋನ್ ಕೈಗೆ ತೆಗೆದುಕೊಂಡವನೇ ಸಿಮ್ ಹೊರಗೆ ತೆಗೆದ, ಇನ್ನೊಂದು ಫೋನಿನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದ. ಆ ಸಹಾಯವಾಣಿಗೆ ಎಷ್ಟು ಬೇಗ ಹೇಳಿದರೆ ದುಡ್ಡು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ. ಅವರಿಗೆ ಸ್ವಲ್ಪ ವಾಪಸ್ ಬಂತು, ಪೂರ್ತಿ ಬರಲಿಲ್ಲ.

ಇದಕ್ಕೆಲ್ಲ ಉತ್ತರ 'ಚಂದಾ ಕಟ್ಟಿ' ಅನ್ನುವುದೊಂದೇ ಅಲ್ಲ. ಎಷ್ಟೋ ಪಂದ್ಯಗಳಿಗೆ ಚಂದಾ ಬೇಕೇ ಇಲ್ಲ. ನಮ್ಮ ಮಲೆನಾಡಿನಲ್ಲಿ ಮನೆಗಳು ತೋಟದ ನಡುವೆ ಒಂಟೊಂಟಿ, ಕೇಬಲ್ ಎಳೆಯುವ ಮಾತೇ ಇಲ್ಲ, ಎಲ್ಲ ಮನೆಗೂ ಡಿಶ್. ಅದರಲ್ಲಿ ದೂರದರ್ಶನದ ಡಿಡಿ ಫ್ರೀ ಡಿಶ್ ಇರುವವರಿಗೆ ಭಾರತ ತಂಡದ ಏಕದಿನ, ಟಿ20 ಪಂದ್ಯಗಳು ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುತ್ತವೆ, ತಿಂಗಳ ಬಾಡಿಗೆ ಇಲ್ಲ. 2007ರ ಒಂದು ಕಾನೂನಿನ ಪ್ರಕಾರ ದೇಶಕ್ಕೆ ಮುಖ್ಯ ಅಂತ ಸರ್ಕಾರ ಘೋಷಿಸಿದ ಪಂದ್ಯಗಳ ಸಿಗ್ನಲ್ಲನ್ನು ಹಕ್ಕು ಕೊಂಡ ಖಾಸಗಿಯವರು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕು. ಐಪಿಎಲ್ ಆ ಪಟ್ಟಿಯಲ್ಲಿಲ್ಲ. ಜಗಳ ಬರುವುದು ಇಲ್ಲಿ. 'ಅವರ ಮನೆ ಡಿಡಿಯಲ್ಲಿ ಮ್ಯಾಚ್ ಬರ್ತಿದೆ, ನಮ್ಮನೆ ಡಿಡಿಯಲ್ಲಿ ಬೇರೆ ಏನೋ ಬರ್ತಿದೆ, ದುಡ್ಡು ಕಟ್ಟೋರು ನಾವು' ಅಂತ ಖಾಸಗಿ ಡಿಶ್‌ನವರು ನನ್ನ ಮೇಲೆ ಕೂಗಾಡುತ್ತಾರೆ. 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹಾಗೆ. ಹಂಚಿಕೊಂಡ ಸಿಗ್ನಲ್ ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ, ಖಾಸಗಿ ಕೇಬಲ್ಲಿಗೂ ಡಿಟಿಎಚ್‌ಗೂ ಇಲ್ಲ. ಇದನ್ನು ನಾನು ಕೌಂಟರಿನಲ್ಲಿ ನಿಂತು ಎಷ್ಟು ಜನರಿಗೆ ವಿವರಿಸಲಿ?

ಮಳೆಗಾಲದಲ್ಲಿ ಡಿಶ್ ನಂಬುವ ಹಾಗೂ ಇಲ್ಲ. 2024ರ ಜೂನ್ 29, ಟಿ20 ವಿಶ್ವಕಪ್ ಫೈನಲ್. ಆಗುಂಬೆ ಕಡೆ ಜೂನ್ ಕೊನೆಯ ಮಳೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಸಿಗ್ನಲ್ ಹೋಗಿ ಜನ ಲಿಂಕ್ ಹುಡುಕಿದ್ದೇ ಹುಡುಕಿದ್ದು. ಆ ಟೂರ್ನಿ ಹಾಟ್‌ಸ್ಟಾರ್ ಆ್ಯಪ್‌ನಲ್ಲಿ ಮೊಬೈಲಿಗೆ ಬಿಟ್ಟಿಯೇ ಇತ್ತು! ಕಳ್ಳ ಲಿಂಕಿನಲ್ಲಿ ಕೊನೆ ಓವರಿನ ಸೂರ್ಯಕುಮಾರ್ ಕ್ಯಾಚ್ ತಪ್ಪಿಸಿಕೊಂಡವರು ಮರುದಿನ ನನ್ನ ಅಂಗಡಿಯಲ್ಲಿ ಅದನ್ನು ಯೂಟ್ಯೂಬಿನಲ್ಲಿ ನೋಡಿದರು.

ಚಂದಾ ಕಟ್ಟುವ ಮನಸ್ಸಿರುವವನಿಗೂ ಇನ್ನೊಂದು ತಲೆನೋವು, ಯಾವುದಕ್ಕೆ ಕಟ್ಟಬೇಕು ಅನ್ನುವುದು. ಐಪಿಎಲ್ ಒಂದು ಕಡೆ. 2025ರ ಏಷ್ಯಾ ಕಪ್ ಸೋನಿ ಲಿವ್‌ನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಮೈಸೂರಿನಲ್ಲಿ ನಡೆದ ನಮ್ಮದೇ ಮಹಾರಾಜ ಟ್ರೋಫಿ ಫ್ಯಾನ್‌ಕೋಡ್‌ನಲ್ಲಿ. ಒಂದೇ ಆಟ, ಮೂರು ಆ್ಯಪ್. ಹೊರದೇಶದವರದು ಬೇರೆ ಕಥೆ. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗ, ಇಲ್ಲಿಯ ನಂಬರಿನಲ್ಲಿ ಲಾಗಿನ್ ಆಗುತ್ತೇನೆ, 'ಚಿಕ್ಕಮ್ಮಾ, ಒಟಿಪಿ ಹೇಳು' ಅಂತ ಇಲ್ಲಿ ಬೆಳಗಿನ ಜಾವ ಆಗಿದ್ದಾಗ ಫೋನ್ ಮಾಡುತ್ತಾನೆ. ಅಲ್ಲಿ ವಿಲ್ಲೋ ಅಂತ ಕ್ರಿಕೆಟ್ಟಿಗೇ ಚಾನೆಲ್ ಇದೆ, ಡಾಲರ್ ಸಂಬಳ ಇದೆ, ಅದಕ್ಕೆ ಕಟ್ಟು ಅಂತ ಬೈದಿದ್ದೇನೆ. ಕನ್ನಡ ಕಾಮೆಂಟರಿ ಬೇಕು ಅನ್ನುತ್ತಾನೆ. ಅಲ್ಲಿಗೆ ನನ್ನ ಬೈಗುಳ ಅರ್ಧಕ್ಕೆ ನಿಲ್ಲುತ್ತದೆ.

ಕಾನೂನಿನ ಬಗ್ಗೆ ಶಿವಮೊಗ್ಗದಲ್ಲಿ ವಕೀಲಿ ಮಾಡುವ ನಮ್ಮ ಸಂಬಂಧಿಕರೊಬ್ಬರನ್ನು ಕೇಳಿದೆ. ಮನೆಯಲ್ಲಿ ಕೂತು ಸುಮ್ನೆ ನೋಡಿದವನ ಹಿಂದೆ ಪೊಲೀಸರು ಹೋಗುವುದು ಕಡಿಮೆ, ಪ್ರಸಾರ ಮಾಡಿದವನು, ಹಂಚಿದವನು, ದುಡ್ಡು ಮಾಡಿದವನು ಸಿಕ್ಕಿಬೀಳುತ್ತಾನೆ ಅಂದರು. ನಮ್ಮ ಊರಿನಂಥ ಕಡೆ ಗೊತ್ತಿರಬೇಕಾದ್ದು ಇದು. ಫೈನಲ್ ದಿನ ದೊಡ್ಡ ಪರದೆ ಕಟ್ಟಿ ತಲೆಗಿಷ್ಟು ಅಂತ ವಸೂಲು ಮಾಡುವ ಯುವಕ ಸಂಘಗಳಿವೆ. 1957ರ ಕಾಪಿರೈಟ್ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ದುಡ್ಡು ತೆಗೆದುಕೊಂಡು ಪ್ರಸಾರ ತೋರಿಸುವುದು ಹಕ್ಕಿನ ಉಲ್ಲಂಘನೆ. 63ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಮನೆಗೆ ಅಂತ ತೆಗೆದುಕೊಂಡ ಚಂದಾ ಹೀಗೆ ಊರಿಗೆ ತೋರಿಸುವ ಅನುಮತಿ ಆಗುವುದಿಲ್ಲ. ಇದು ಗೊತ್ತಿಲ್ಲದೆ ಒಳ್ಳೆ ಹುಡುಗರು ಸಿಕ್ಕಿಕೊಳ್ಳಬಾರದು.

ಅವರು ಹೇಳಿದ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾಯಿತು. 2002ರ ಫುಟ್ಬಾಲ್ ವಿಶ್ವಕಪ್ ಹೊತ್ತಿನಲ್ಲಿ ಟೆನ್ ಸ್ಪೋರ್ಟ್ಸ್ ಚಾನೆಲ್ಲನ್ನು ಕದ್ದು ತೋರಿಸುತ್ತಿದ್ದ ಕೇಬಲಿನವರ ಮೇಲೆ, ಹೆಸರೇ ಗೊತ್ತಿಲ್ಲದವರ ಮೇಲೂ ನಡೆಯುವಂಥ ಆದೇಶವನ್ನು ದೆಹಲಿ ಹೈಕೋರ್ಟ್ ಕೊಟ್ಟಿತಂತೆ. ಈಗ ಅಂಥ ಕೇಸುಗಳಲ್ಲಿ ಹೆಸರು ಗೊತ್ತಿಲ್ಲದ ಕಳ್ಳನಿಗೆ 'ಅಶೋಕ್ ಕುಮಾರ್' ಅಂತ ಬರೆಯುವ ರೂಢಿ. ಅದೇ ಹೆಸರಿನ ಸಜ್ಜನರು ಎಷ್ಟು ಜನ ಇದ್ದಾರೋ ಪಾಪ. ಕೋರ್ಟುಗಳು ಸೈಟು ಮುಚ್ಚಿಸುತ್ತಲೇ ಇವೆ. 2025ರಲ್ಲಿ ಸ್ಟ್ರೀಮ್‌ಈಸ್ಟ್ ಎಂಬ ಭಾರೀ ಜಾಲವನ್ನು, ಅದರ 80 ವಿಳಾಸಗಳ ಸಮೇತ, ಈಜಿಪ್ಟಿನಲ್ಲಿ ಹಿಡಿದು ಮುಚ್ಚಿದರು. ಒಳ್ಳೆಯದೇ. ಆದರೆ ಟೆಲಿಗ್ರಾಂ ಗ್ರೂಪಿನಲ್ಲಿ ಲಿಂಕ್ ಸತ್ತ ಐದು ನಿಮಿಷಕ್ಕೆ ಹೊಸ ಲಿಂಕ್ ಹುಟ್ಟುತ್ತದೆ.

ಹಾಗಾಗಿ ಪ್ರಸಾರದ ಕಂಪನಿಗಳಿಗೆ ನನ್ನದೊಂದು ಕೋರಿಕೆ. ಒಂದು ಮ್ಯಾಚಿನ ಪಾಸು ಮಾಡಿ, ಅದನ್ನು ರೀಚಾರ್ಜ್ ಅಂಗಡಿಗಳಿಗೆ ಕೊಡಿ. ಗಿರಾಕಿ ಬರುತ್ತಾನೆ, ಹತ್ತೋ ಹದಿನೈದೋ ರೂಪಾಯಿ ನಗದು ಕೊಡುತ್ತಾನೆ, ನಾನು ನಂಬರ್ ಒತ್ತುತ್ತೇನೆ, ಅವನಿಗೆ ಮೆಸೇಜ್ ಬರುತ್ತದೆ, ಮ್ಯಾಚ್ ಮುಗಿದ ಮೇಲೆ ಪಾಸೂ ಮುಗಿಯುತ್ತದೆ. ಆಟೋ ಪೇ ಇಲ್ಲ, ಅಪ್ಪನ ಯುಪಿಐ ಇಲ್ಲ. ಒಂದು ದಿನದ ಡೇಟಾ ಪ್ಯಾಕನ್ನು ನಾವು ಹೀಗೇ ಮಾರುತ್ತಿದ್ದೇವಲ್ಲ, ಇದಕ್ಕೇನು ಕಷ್ಟ? ಪಂದ್ಯಕ್ಕೊಂದು, ಟೂರ್ನಿಗೊಂದು ಪಾಸು ಮಾಡುವುದು ಫ್ಯಾನ್‌ಕೋಡ್‌ನವರಿಗೆ ಆಗಲೇ ಗೊತ್ತು, ಆದರೆ ಅದೂ ಆನ್‌ಲೈನಿನಲ್ಲಿ ಮಾತ್ರ. ಮೂರು ತಿಂಗಳಿಗೆ 149 ಅಗ್ಗವೇ ಇತ್ತು, ಒಪ್ಪುತ್ತೇನೆ. ಆದರೆ ಆರ್‌ಸಿಬಿ ಮ್ಯಾಚ್ ಬಿಟ್ಟರೆ ಬೇರೆ ನೋಡದವನಿಗೆ, ದಿನಗೂಲಿಗೆ ಹೋಗುವವನಿಗೆ, ಅವತ್ತಿನ ದುಡ್ಡಿನಲ್ಲಿ ಅವತ್ತಿನ ಮ್ಯಾಚ್ ನೋಡುವ ದಾರಿ ಬೇಕು. ಇದರಲ್ಲಿ ನನಗೆ ನಾಲ್ಕಾಣೆ ಕಮಿಷನ್ ಸಿಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕಳ್ಳ ಲಿಂಕಿನಿಂದ ಕೆಟ್ಟ ಫೋನ್ ರಿಪೇರಿ ಮಾಡಿದರೆ ನಮಗೆ ಸಿಗುವುದು ಅದಕ್ಕಿಂತ ಜಾಸ್ತಿ, ಅದನ್ನೂ ಹೇಳಿಬಿಡುತ್ತೇನೆ.

ನಿಮ್ಮಲ್ಲೂ ಒಂದು ಕೇಳಿಕೊಳ್ಳುವುದಿದೆ, ಸಂಪಾದಕರೇ. ಕ್ರೀಡಾ ಪುಟದಲ್ಲಿ 'ಇಂದಿನ ಪಂದ್ಯ' ಅಂತ ಹಾಕಿ ಕೆಳಗೆ ನೇರ ಪ್ರಸಾರದ ಚಾನೆಲ್ ಹೆಸರು ಬರೆಯುತ್ತೀರಿ. ಅದರ ಜೊತೆ ಯಾವ ಆ್ಯಪ್, ಡಿಡಿ ಫ್ರೀ ಡಿಶ್‌ನಲ್ಲಿ ಇದೆಯೋ ಇಲ್ಲವೋ, ಮೊಬೈಲಿಗೆ ಬಿಟ್ಟಿಯೋ ಚಂದಾ ಬೇಕೋ, ಕನ್ನಡ ಕಾಮೆಂಟರಿ ಉಂಟೋ, ಇಷ್ಟನ್ನು ಒಂದು ಸಾಲಿನಲ್ಲಿ ಸೇರಿಸಿ. ನಮ್ಮ ಅಂಗಡಿಗೆ ನಿಮ್ಮ ಪತ್ರಿಕೆ ಬರುತ್ತದೆ. ಆ ಸಾಲನ್ನು ಕತ್ತರಿಸಿ ಕೌಂಟರಿನ ಗಾಜಿಗೆ ಅಂಟಿಸುವ ಕೆಲಸ ನನ್ನದು.

ಇಂತಿ,
ರೀಚಾರ್ಜ್ ಅಂಗಡಿಯವಳು, ತೀರ್ಥಹಳ್ಳಿ